ಸ್ನೇಹದ ಮೂಲ

ಲೋಕದಲ್ಲಿರುವ ಜನರು ಕೋಟ್ಯನುಕೋಟಿ. ಅವರಲ್ಲಿ ನಾವು ಕಣ್ಣಾರೆ ಕಂಡವರು ಕೆಲವು ಸಾವಿರ. ಬಾಯ್ತುಂಬ ಮಾತನಾಡಿದವರು ಕೆಲವು ನೂರು. ಮನಸ್ಸನ್ನು ಬಿಚ್ಚಿ ಕೊಟ್ಟವರಾದರೋ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಇಷ್ಟು ಜನರೊಳಗೆ ಇವರನ್ನೇ ಆರಿಸಿಕೊಂಡುದು ಏತಕ್ಕೆ? ಆರಿಸಿದವರು ನಾವೇ ಅಹುದೊ, ಅಥವಾ ಯಾವುದೋ ಒಂದು ಸೆಳೆತಕ್ಕೆ ನಾವು ಒಳಗಾದೆವೊ? ಈ ಪ್ರಶ್ನೆ ಮೇಲ್ನೋಟಕ್ಕೆ ಕುತೂಹಲದ ಪ್ರಶ್ನೆಯಂತೆ ತೋರುವುದಾದರೂ ನಿಜವಾಗಿ ಧರ್ಮದ ಪ್ರಶ್ನೆಯೇ ಆಗಿದೆ. ಏಕೆಂದರೆ ಮನುಷ್ಯನು ಯಾರ ಕಡೆಗೆ ಒಲಿಯುವನೋ ಕ್ರಮೇಣ ಅವರಂತೆಯೇ ಆಗುವನು. ಆದುದರಿಂದ ಈ ವಿಷಯವನ್ನು ಸಂಕ್ಷೇಪವಾಗಿ ವಿಚಾರಿಸೋಣ.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದ ಪ್ರಸಂಗವೊಂದುಂಟು. ಕಳೆದ ಮಾಘಮಾಸದ ಒಂದು ಸಂಜೆ ಮರಳೂರು ಕೆರೆಯ ಏರಿಯ ಮೇಲೆ ತಿರುಗಾಡುತ್ತಿದ್ದೆನು. ಹಿಂದೆ ನನ್ನಲ್ಲಿ ಓದಿ, ಈಗ ತುಮಕೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬನು ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದನು. ನಮಸ್ಕರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳೇ, ಒಬ್ಬ ಹುಡುಗಿಯನ್ನು ಮೆಚ್ಚಿದ್ದೇನೆ. ಮದುವೆಯಾಗಬೇಕೆಂದೂ ಇದ್ದೇನೆ. ಆದರೆ ಇದು ನಿಜವಾದ ಪ್ರೀತಿಯೋ, ಬರಿಯ ಮೋಹವೋ ಎಂದು ತಿಳಿಯುವುದು ಹೇಗೆ?" ಎಂದು ಕೇಳಿದನು. ಇಬ್ಬರ ಮನೆತನಗಳೂ ಬೇರೆ ಬೇರೆ ಕುಲದವೆಂದು ಅವನ ಮಾತಿನಿಂದ ತಿಳಿಯಿತು. ಒಡನೆಯೇ ಉತ್ತರ ಹೇಳಲು ನನಗೆ ಸಾಧ್ಯವಾಗಲಿಲ್ಲ. "ಮುಂದಿನ ಸೋಮವಾರ ಬಾರಪ್ಪಾ, ಮಾತನಾಡೋಣ" ಎಂದು ಕಳುಹಿಸಿಕೊಟ್ಟೆನು. ಆ ಏಳು ದಿನಗಳಲ್ಲಿ ನಾನು ಯೋಚಿಸಿದುದೇ ಈ ಲೇಖನದ ಸಾರವಾಗಿದೆ.

ಮೊದಲು ಶಬ್ದಗಳನ್ನು ನೋಡೋಣ. ಒಲವನ್ನು ಹೇಳುವುದಕ್ಕೆ ಸಂಸ್ಕೃತದಲ್ಲಿ 'ರಾಗ'ವೆಂಬ ಮಾತುಂಟು, 'ಸ್ನೇಹ'ವೆಂಬ ಮಾತೂ ಉಂಟು. ರಾಗವೆಂಬುದು ಬಣ್ಣ ಹಿಡಿಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಆದುದರಿಂದಲೇ ಕೆಂಪಿಗೂ ಆ ಹೆಸರು ಸಲ್ಲುವುದು. ಸ್ನೇಹವೆಂಬುದಾದರೋ ಅಂಟಿಕೊಳ್ಳುವುದೆಂಬ ಅರ್ಥದ ಧಾತುವಿನಿಂದ ಬಂದುದು. ಎಣ್ಣೆ ತುಪ್ಪಗಳಿಗೂ ಅದೇ ಹೆಸರು. ಈ ಎರಡು ಮಾತುಗಳಲ್ಲಿ ನಮ್ಮ ಪೂರ್ವಿಕರ ಸೂಕ್ಷ್ಮದೃಷ್ಟಿ ಅಡಗಿದೆ. ಬಣ್ಣವು ವಸ್ತುವಿನ ಮೇಲೆ ಕೂಡುವುದು. ಕಣ್ಣಿಗೆ ಹಾಕಿದ ಗಾಜಿನಲ್ಲಿದ್ದರಂತೂ ಕಂಡುದೆಲ್ಲವೂ ಆ ಬಣ್ಣದ್ದೇ ಆಗಿ ತೋರುವುದು. ಎಣ್ಣೆಯು ಹಣತೆಯಲ್ಲಿದ್ದು ತಾನು ಕಾಣಿಸಿಕೊಳ್ಳದೆ ಬೆಳಕನ್ನು ಉಳಿಸುವುದು. ಸೆಳೆತವೆಂದು ನಾವು ಹೇಳುವುದರೊಳಗೆ ಈ ಎರಡೂ ಬೆರೆತಿರುತ್ತವೆ. ಇವನ್ನು ಬೇರ್ಪಡಿಸಿ ನೋಡಬಲ್ಲವನೇ ವಿವೇಕಿ.

ಸೆಳೆತಕ್ಕೆ ಲೋಕದಲ್ಲಿ ಕಾಣುವ ಮೊದಲನೆಯ ಕಾರಣ ಸಾಮೀಪ್ಯ. ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ನಮ್ಮ ಪಾಠಶಾಲೆಗೆ ಹೊಸ ಮಕ್ಕಳು ಬರುತ್ತಾರೆ. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ತಗಡಿನ ಟ್ರಂಕು. ಯಾವ ಊರೋ, ಯಾವ ಮನೆಯೋ, ಒಬ್ಬರನ್ನೊಬ್ಬರು ಅರಿಯರು. ಟ್ರಂಕುಗಳನ್ನು ಸಾಲಾಗಿ ಇಡಿಸುತ್ತೇವೆ. ದಸರೆಯ ಹೊತ್ತಿಗೆ ನೋಡಿದರೆ ಯಾರ ಟ್ರಂಕಿನ ಪಕ್ಕದಲ್ಲಿ ಯಾರ ಟ್ರಂಕಿತ್ತೋ ಅವರೇ ಬಹುಮಟ್ಟಿಗೆ ಪ್ರಾಣಮಿತ್ರರು! ಪಂಕ್ತಿಯಲ್ಲಿ ಜೊತೆಗೇ ಕೂರುವರು, ರಜೆಗೆ ಹೊರಟಾಗ ಅಳುವರು. "ಅವನೆಂದರೆ ನಿನಗೇಕೆ ಅಷ್ಟು ಇಷ್ಟ?" ಎಂದು ಕೇಳಿದರೆ, "ಅವನು ಒಳ್ಳೆಯವನು, ಗುರುಗಳೇ" ಎನ್ನುವರು. ಟ್ರಂಕಿನ ಮಾತನ್ನು ಯಾರೂ ಎತ್ತುವುದಿಲ್ಲ.

ಇದು ನಮ್ಮ ಮಕ್ಕಳ ಕಥೆ ಮಾತ್ರವಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಓದುತ್ತಿದ್ದ ವಿವಾಹಿತ ವಿದ್ಯಾರ್ಥಿಗಳ ವಸತಿಗಳನ್ನು ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿ 1950ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಮನೆಗಳನ್ನು ವಿದ್ಯಾರ್ಥಿಗಳು ತಾವಾಗಿ ಆರಿಸಿಕೊಂಡಿರಲಿಲ್ಲ. ಆದರೂ ಬಾಗಿಲಿಗೆ ಬಾಗಿಲು ಹತ್ತಿರವಿದ್ದವರಲ್ಲಿ ಸ್ನೇಹ ಹೆಚ್ಚಾಗಿಯೂ ದೂರವಾದಷ್ಟೂ ಕಡಿಮೆಯಾಗಿಯೂ ಕಂಡುಬಂದಿತು. ರಾಬರ್ಟ್ ಝಾಯೊಂಕ್ ಎಂಬ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥ ತಿಳಿಯದ ಶಬ್ದಗಳನ್ನೂ ಪರಿಚಯವಿಲ್ಲದ ಮುಖಗಳ ಚಿತ್ರಗಳನ್ನೂ ಮತ್ತೆ ಮತ್ತೆ ತೋರಿಸಿದಷ್ಟೂ ನೋಡುವವರಿಗೆ ಅವು ಹೆಚ್ಚು ಹಿತವಾಗಿ ತೋರಿದುವು. ಕಂಡುದು ಹಿತ, ಕಾಣದುದು ಅಳುಕು. ಇದು ಜೀವಿಯ ಸ್ವಭಾವ. ಇಂದು ಮೊಬೈಲು ಬಂದ ಮೇಲೆ ಸಾಮೀಪ್ಯಕ್ಕೆ ಊರು ಕೇರಿಗಳ ಮೇರೆಯೂ ಇಲ್ಲವಾಗಿದೆ. ದಿನಕ್ಕೆ ಹತ್ತು ಸಲ ಅಂಗೈಯಲ್ಲಿ ಕಾಣುವ ಮುಖವೂ ಪಕ್ಕದ ಟ್ರಂಕಿನಂತೆಯೇ ಆಯಿತು.

ಎರಡನೆಯ ಕಾರಣ ಸಾದೃಶ್ಯ. ಸಮಾನವಾದ ಶೀಲವೂ ಸಮಾನವಾದ ದುಃಖವೂ ಉಳ್ಳವರಲ್ಲಿ ಸಖ್ಯವು ನೆಲೆಗೊಳ್ಳುವುದೆಂಬ ಭಾವನೆ ನಮ್ಮ ಸುಭಾಷಿತಗಳಲ್ಲಿ ಹಳೆಯದು. ಇದು ಸತ್ಯವೇ. ಆದರೆ ಯಾವುದು ಸಮಾನವಾಗಿರಬೇಕೆಂಬಲ್ಲಿ ನಾವು ಎಡವುತ್ತೇವೆ. ವಧೂವರರನ್ನು ಹುಡುಕುವ ಪ್ರಕಟಣೆಗಳನ್ನು ನೋಡಿರಿ: ಕುಲ, ಎತ್ತರ, ಬಣ್ಣ, ಸಂಬಳ, ನಿವೇಶನ. ಎಲ್ಲವೂ ಅಳೆಯುವುದಕ್ಕೆ ಬರುವಂಥವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯನವರೂ ಬಟ್ಟೆ ಒಗೆಯುವ ಮಾಚಯ್ಯನವರೂ ಮಂತ್ರಿಪದವಿಯಲ್ಲಿದ್ದ ಬಸವಣ್ಣನವರೂ ಒಂದೇ ಗೋಷ್ಠಿಯಲ್ಲಿ ಕುಳಿತರು. ಹೊರಗಣ ಅಳತೆಯಲ್ಲಿ ಅವರೊಳಗೆ ಸಾದೃಶ್ಯವೆಲ್ಲಿತ್ತು? ಆದರೂ ಒಡಹುಟ್ಟಿದವರಿಗಿಂತ ಹೆಚ್ಚಾಗಿ ಒಬ್ಬರೊಬ್ಬರಿಗೆ ಬೇಕಾದರು. ಅವರಿಗೆ ಸಮಾನವಾಗಿದ್ದುದು ಅವರು ಪ್ರೀತಿಸುತ್ತಿದ್ದ ವಸ್ತುವೇ ಹೊರತು ಹುಟ್ಟಲ್ಲ.

ಮೂರನೆಯದು ರೂಪದ ಮತ್ತು ಆವೇಗದ ಸೆಳೆತ. ಹರಿಹರ ಕವಿಯ ರಗಳೆಯಲ್ಲಿ ಬರುವ ಉಡುತಡಿಯ ಕೌಶಿಕರಾಜನನ್ನು ನೆನೆಯಿರಿ. ಬೀದಿಯಲ್ಲಿ ಸಾಗುತ್ತಿದ್ದವನು ಮಹಾದೇವಿಯನ್ನು ಕಂಡನು. ಕಂಡೊಡನೆ ಅವಳು ತನಗೆ ಬೇಕೆಂದನು. ಅವಳ ಮನಸ್ಸು ಎಲ್ಲಿ ನೆಲೆಸಿದೆ ಎಂದು ಅವನು ಕೇಳಲಿಲ್ಲ. ಅವಳು ಹಾಕಿದ ನಿಬಂಧನೆಗಳಿಗೆ ಒಪ್ಪಿದನು, ಒಪ್ಪಿದುದನ್ನು ಮೀರಿದನು. ಕಡೆಗೆ ಅವಳು ಎಲ್ಲವನ್ನೂ ಬಿಟ್ಟು ಹೊರಟುಹೋದಳು. ಇಲ್ಲಿ ಅವನು ನೋಡಿದುದು ಅವಳನ್ನಲ್ಲ, ತನ್ನ ಆಸೆಯ ಬಣ್ಣವನ್ನು. ಎದೆಯ ಬಡಿತವನ್ನೇ ಒಲವೆಂದು ತಿಳಿಯುವ ಈ ಭ್ರಾಂತಿಯನ್ನು ಈಚಿನವರು ಪರೀಕ್ಷಿಸಿಯೂ ನೋಡಿದ್ದಾರೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬಿಬ್ಬರು ಕೆನಡಾ ದೇಶದ ಕ್ಯಾಪಿಲಾನೊ ಕಣಿವೆಯ ತೂಗುಸೇತುವೆಯ ಮೇಲೆ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಅಲುಗಾಡುವ ಎತ್ತರದ ಸೇತುವೆಯ ಮೇಲೆ ತರುಣಿಯೊಬ್ಬಳೊಡನೆ ಮಾತನಾಡಿದ ಪುರುಷರಲ್ಲಿ, ಭದ್ರವಾದ ತಗ್ಗಿನ ಸೇತುವೆಯ ಮೇಲೆ ಮಾತನಾಡಿದವರಿಗಿಂತ ಹೆಚ್ಚು ಮಂದಿ ಆಮೇಲೆ ಅವಳಿಗೆ ದೂರವಾಣಿಯಲ್ಲಿ ಕರೆ ಮಾಡಿದರು. ಭಯದಿಂದ ಎದೆ ಹೊಡೆದುಕೊಂಡುದನ್ನು ಮನಸ್ಸು ಮೋಹವೆಂದು ಓದಿತೆಂದು ಆ ವಿದ್ವಾಂಸರು ಅರ್ಥೈಸಿದರು. ರಾಗವು ಕಣ್ಣಿಗೆ ಬಣ್ಣ ಕಟ್ಟುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಹಾಗಾದರೆ ಸೆಳೆತವೆಲ್ಲವೂ ಟ್ರಂಕು, ಸಂಬಳ, ಎದೆಬಡಿತಗಳ ಲೆಕ್ಕವೇ? ಇಷ್ಟೇ ಎಂದರೆ ಮನಸ್ಸು ಒಪ್ಪುವುದಿಲ್ಲ. ಎಂಟನೆಯ ಶತಮಾನದ ಮಹಾಕವಿ ಭವಭೂತಿಯು ಉತ್ತರರಾಮಚರಿತದಲ್ಲಿ ಪ್ರೀತಿಯು ಹೊರಗಣ ಉಪಾಧಿಗಳನ್ನು ಆಶ್ರಯಿಸಿದುದಲ್ಲವೆಂದೂ ಒಳಗಿನದೊಂದು ಕಾರಣವೇ ಪದಾರ್ಥಗಳನ್ನು ಒಂದರೊಡನೊಂದು ಬೆಸೆಯುವುದೆಂದೂ ಹೇಳಿದ್ದಾನೆ. ಸೂರ್ಯನೆಲ್ಲಿ, ಕೆರೆಯ ತಾವರೆಯೆಲ್ಲಿ? ಆದರೂ ಅವನು ಬಂದರೆ ಇದು ಅರಳುವುದು. ಆದರೆ ಆ ಒಳಗಿನ ಕಾರಣ ಇಂಥದೆಂದು ಕವಿಯು ಹೆಸರಿಟ್ಟು ಹೇಳಲಿಲ್ಲ. ಅದನ್ನು ಹುಡುಕುವುದಕ್ಕೆ ನಾವು ಬಹುದೂರ ಹೋಗಬೇಕಾಗಿಯೂ ಇಲ್ಲ.

ಮರಳೂರಿನಿಂದ ಕುಣಿಗಲ್ ರಸ್ತೆಯಲ್ಲಿ ಮುಂದೆ ಸಾಗಿದರೆ ಗೂಳೂರು ದೊರೆಯುವುದು. ಮಣ್ಣಿನ ಮಹಾಗಣಪತಿಯಿಂದ ಈ ಊರನ್ನು ಎಲ್ಲರೂ ಬಲ್ಲರು. ಈ ಊರಿನ ಹೆಸರನ್ನೇ ತಮ್ಮ ಹೆಸರಿನೊಡನೆ ಹೊತ್ತ ಗೂಳೂರು ಸಿದ್ಧವೀರಣ್ಣೊಡೆಯರು ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರ ಪರಂಪರೆಗೆ ಸೇರಿದವರು. ಶೂನ್ಯಸಂಪಾದನೆಯ ನಾಲ್ವರು ಸಂಕಲನಕಾರರಲ್ಲಿ ಒಬ್ಬರು. ಆ ಗ್ರಂಥವನ್ನು ತತ್ತ್ವಗ್ರಂಥವೆಂದು ಗೌರವಿಸಿ ದೂರ ಇಡುವುದುಂಟು. ಆದರೆ ಅದರ ಕಟ್ಟಡವನ್ನು ನೋಡಿರಿ: ಅದು ಆದ್ಯಂತವಾಗಿ ಭೇಟಿಗಳ ಕಥೆ. ಒಬ್ಬರು ಮತ್ತೊಬ್ಬರಲ್ಲಿಗೆ ಬರುತ್ತಾರೆ, ಮಾತು ಬೆಳೆಯುತ್ತದೆ, ಕಡೆಗೆ ಇಬ್ಬರೂ ಬಂದಾಗ ಇದ್ದಂತೆ ಇರುವುದಿಲ್ಲ. ಮನುಷ್ಯರನ್ನು ಮನುಷ್ಯರ ಕಡೆಗೆ ಸೆಳೆಯುವುದು ಯಾವುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಮಿಗಿಲಾದ ಗ್ರಂಥವನ್ನು ನಾನರಿಯೆನು.

ಅದರಲ್ಲಿ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವುಂಟು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಸಿದ್ಧರಾಮನು ಕೆರೆ ಕಟ್ಟಿಸುವವನು, ಗುಡಿ ಕಟ್ಟಿಸುವವನು, ಸಾವಿರಾರು ಜನರ ಗೌರವಕ್ಕೆ ಪಾತ್ರನಾದವನು. ಅಲ್ಲಿಗೆ ಬಂದ ಅಲ್ಲಮಪ್ರಭುವು ಅವನನ್ನು ಹೊಗಳಲಿಲ್ಲ. ಮಣ್ಣಿನ ಕೆಲಸದವನೆಂದು ಮೂದಲಿಸಿದನು. ಕೆಲಸದಾಳುಗಳು ಕಲ್ಲೆಸೆದರು, ಸಿದ್ಧರಾಮನು ಕೆರಳಿ ಬಂದನು. ಆದರೆ ಬಂದವನು ನಿಂತು ಕೇಳಿದನು. ತನ್ನ ಸತ್ಕಾರ್ಯದೊಳಗೆ 'ನಾನು ಮಾಡಿದೆ'ನೆಂಬುದು ಸೇರಿಕೊಂಡಿದೆ ಎಂಬ ಮಾತನ್ನು ಅದುವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ. ಹೊಗಳುವವರು ಸಾವಿರ ಮಂದಿಯಿದ್ದ ಊರನ್ನು ಬಿಟ್ಟು, ತೆಗಳಿದ ಒಬ್ಬನ ಹಿಂದೆ ಅವನು ಕಲ್ಯಾಣಕ್ಕೆ ನಡೆದನು.

ದಾಂಪತ್ಯಕ್ಕಾದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವೇ ಸಾಕು. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡವರ ಮನೆಯಲ್ಲಿ ಗಂಡನು ಹೆಚ್ಚು ತಂದರೆ ಹೆಂಡತಿಯ ಮುಖ ಅರಳುವುದು ಲೋಕರೂಢಿ. ಲಕ್ಕಮ್ಮನವರು ಆ ಅಕ್ಕಿಯನ್ನು ನೋಡಿ, ಇದು ನಮಗೆ ಸಲ್ಲುವುದಕ್ಕಿಂತ ಹೆಚ್ಚಾಯಿತು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, 'ಹೆಚ್ಚಾಯಿತು' ಎಂಬ ಮಾತನ್ನು ಹೇಳಿದವಳು ಆ ಮಾತಿನ ಫಲವನ್ನು ತಾನೂ ಉಣ್ಣುವವಳು. ಅಕ್ಕಿ ಹಿಂದಿರುಗಿದರೆ ಬರಿದಾಗುವುದು ಅವಳ ಮಡಕೆಯೂ ಹೌದು. ದೂರದಲ್ಲಿ ನಿಂತು ತಪ್ಪು ತೋರಿಸುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರನ್ನು ಸ್ನೇಹಿತರೆಂದು ಯಾರೂ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ತಿದ್ದುವ ಅಧಿಕಾರವು ಜೊತೆಯಲ್ಲಿ ಹಸಿಯಲು ಸಿದ್ಧರಾದವರಿಗೆ ಮಾತ್ರ ಬರತಕ್ಕದ್ದು. ಎರಡನೆಯದು, ಅವರಿಬ್ಬರೂ ಒಬ್ಬರನ್ನೊಬ್ಬರು ಮಾತ್ರ ನೋಡುತ್ತ ಕುಳಿತವರಲ್ಲ. ಇಬ್ಬರ ದೃಷ್ಟಿಯೂ ಮೂರನೆಯದೊಂದರ ಮೇಲೆ ನಟ್ಟಿದ್ದಿತು: ಅದು ಅವರ ಕಾಯಕ, ಅದರ ಶುಚಿತ್ವ. ಆ ಮೂರನೆಯದು ಇದ್ದುದರಿಂದಲೇ ತಿದ್ದಿದವಳಿಗೆ ಗರ್ವವಿಲ್ಲ, ತಿದ್ದಿಸಿಕೊಂಡವನಿಗೆ ಅವಮಾನವಿಲ್ಲ.

ಈ ಮೂರನೆಯದರ ಮಹಿಮೆಗೆ ಈಚಿನ ಕಾಲದ ನಿದರ್ಶನವೊಂದನ್ನು ಹೇಳುವೆನು. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಗೆಳೆಯರಾಗಿ ಕೂಡಿದರು. ಒಬ್ಬೊಬ್ಬರ ಮನೆತನ ಒಂದೊಂದು. ಮತವೂ ಎಲ್ಲರದು ಒಂದೇ ಅಲ್ಲ. ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಹಾಡುಗಳ ಮೇಲೆ ಅವರೆಲ್ಲರ ಪ್ರೀತಿ ಒಂದಾಗಿ ನೆಲೆಸಿತು. ಆ ಪ್ರೀತಿಯ ಫಲವಾಗಿ 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಮಧುರಚೆನ್ನರು 1953ರಲ್ಲಿ ಐವತ್ತು ವರ್ಷಕ್ಕೇ ತೀರಿಕೊಂಡರು. ಆದರೂ ಕನ್ನಡಿಗರು ಇಂದಿಗೂ ಅವರನ್ನು ಬಿಡಿಬಿಡಿಯಾಗಿ ಹೇಳದೆ 'ಹಲಸಂಗಿ ಗೆಳೆಯರು' ಎಂದು ಒಟ್ಟಾಗಿಯೇ ಹೇಳುವರು. ಗೆಳೆತನವೇ ಒಂದು ಹೆಸರಾಗಿ ನಿಲ್ಲುವುದೆಂದರೆ ಸಾಮಾನ್ಯವಲ್ಲ. ಕೂಡಿಸಿದ್ದು ಪಕ್ಕದ ಕೇರಿಯಾಗಿರಬಹುದು, ಉಳಿಸಿದ್ದು ಹಾಡು.

ಇಷ್ಟೆಲ್ಲ ಶಾಸ್ತ್ರವನ್ನು ಹೇಳುವ ನಾನು ಇದನ್ನು ಆಚರಿಸಿದೆನೆ? ಇದನ್ನು ಮರೆಮಾಚಿ ಬರೆದರೆ ಲೇಖನವೇ ಸುಳ್ಳಾಗುವುದು. ಮೂವತ್ತನೆಯ ವಯಸ್ಸಿನ ಸುಮಾರಿನಲ್ಲಿ ನನಗೊಬ್ಬ ಸಹೋದ್ಯೋಗಿಗಳಿದ್ದರು. ಆರು ವರ್ಷ ಒಂದೇ ಕೊಠಡಿಯಲ್ಲಿದ್ದೆವು, ಒಂದೇ ಒಲೆಯ ಮೇಲೆ ಅನ್ನ ಬೇಯಿಸಿಕೊಂಡೆವು. ಆಗ ನನಗೆ ಸುತ್ತಮುತ್ತಲಿನ ಊರುಗಳಿಂದ ಭಾಷಣಕ್ಕೆ ಆಹ್ವಾನಗಳು ಬರತೊಡಗಿದ್ದುವು. ಶಾಲು, ಹಾರ, ಚಪ್ಪಾಳೆ. ನನ್ನನ್ನು ಹೊಗಳುವ ನಾಲ್ಕು ಜನರ ಒಂದು ಬಳಗವೂ ಕೂಡಿಕೊಂಡಿತು. ಅವರ ನಡುವೆ ಕುಳಿತಾಗ ಇವರೇ ನನ್ನ ನಿಜವಾದ ಮಿತ್ರರೆಂದು ತೋರುತ್ತಿತ್ತು. ಒಂದು ರಾತ್ರಿ ನಾನು ತಡವಾಗಿ ಬಂದಾಗ, ನನ್ನ ತರಗತಿಯ ಮಕ್ಕಳ ನಿಬಂಧದ ಪುಸ್ತಕಗಳನ್ನು ಆ ಸಹೋದ್ಯೋಗಿಗಳು ತಾವೇ ತಿದ್ದುತ್ತ ಕುಳಿತಿದ್ದರು. ತಲೆಯೆತ್ತಿ, "ಪಂಡಿತರೇ, ಹೆಚ್ಚಾಯಿತು. ಮಕ್ಕಳು ನಿಮ್ಮನ್ನು ಕಾಯುತ್ತಿವೆ, ನೀವು ಚಪ್ಪಾಳೆಯನ್ನು ಕಾಯುತ್ತಿದ್ದೀರಿ" ಎಂದರು.

ಆ ಮಾತು ನಿಜವಾಗಿತ್ತು, ಆದುದರಿಂದಲೇ ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚೆಂದು ಅರ್ಥ ಮಾಡಿದೆನು. ಮರುದಿನದಿಂದ ಮಾತು ಬಿಟ್ಟೆನು. ಕೆಲವು ತಿಂಗಳ ಮೇಲೆ ಅವರು ಬೇರೆ ಊರಿನ ಶಾಲೆಗೆ ಹೋದರು. ಹೊಗಳುತ್ತಿದ್ದ ಬಳಗವಾದರೋ ನನ್ನ ಆಹ್ವಾನಗಳು ಕಡಿಮೆಯಾದಂತೆ ತಾನೂ ಕರಗಿತು. ಹನ್ನೊಂದು ವರ್ಷಗಳ ಅನಂತರ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹೋದೆನು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆನು. ಅವರು ಕೈ ಹಿಡಿದುಕೊಂಡು, "ಈ ವರ್ಷ ಯಾವ ತರಗತಿ? ನಿಬಂಧ ಬರೆಸುತ್ತಿದ್ದೀರಾ?" ಎಂದರು. ನನ್ನ ಮಾತೆಲ್ಲ ಗಂಟಲಲ್ಲಿಯೇ ಉಳಿಯಿತು. ಮತ್ತೊಮ್ಮೆ ಬರುವೆನೆಂದು ಹೇಳಿ ಬಂದೆನು. ಮತ್ತೊಮ್ಮೆ ಹೋಗುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು. ಸಿದ್ಧರಾಮನು ಒಂದೇ ದಿನದಲ್ಲಿ ನಡೆದ ದಾರಿಯನ್ನು ನಡೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಆದರೂ ಊರು ಮುಟ್ಟಲಿಲ್ಲ.

ಆದುದರಿಂದ ನಾನು ಕಂಡುಕೊಂಡುದು ಇಷ್ಟು. ನಮ್ಮನ್ನು ಒಬ್ಬರ ಹತ್ತಿರಕ್ಕೆ ತರುವ ಕಾರಣ ಬೇರೆ, ಹತ್ತಿರ ಉಳಿಸುವ ಕಾರಣ ಬೇರೆ. ತರುವ ಕಾರಣಗಳು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ಅವುಗಳಿಗಾಗಿ ನಾಚಬೇಕಾದುದೂ ಇಲ್ಲ, ಹೆಮ್ಮೆಪಡಬೇಕಾದುದೂ ಇಲ್ಲ. ಪಕ್ಕದ ಟ್ರಂಕಿನಿಂದ ಹುಟ್ಟಿದ ಸ್ನೇಹವೇನೂ ಕೀಳಲ್ಲ. ಆದರೆ ಆ ಸ್ನೇಹವು 'ಹೆಚ್ಚಾಯಿತು' ಎಂಬ ಒಂದು ಮಾತನ್ನು ಹೊರಬಲ್ಲುದೇ? ಪರೀಕ್ಷೆಯೆಲ್ಲ ಅಲ್ಲಿದೆ. ಆ ಮಾತಿಗೆ ಒಡೆಯುವುದು ಬಣ್ಣ. ಆ ಮಾತಿನಿಂದ ಇನ್ನಷ್ಟು ಉರಿಯುವುದು ಎಣ್ಣೆ. ಭವಭೂತಿಯು ಹೆಸರಿಡದೆ ಬಿಟ್ಟ ಆ ಒಳಗಿನ ಕಾರಣವು ಇದೇ ಇರಬೇಕೆಂದು ನನಗೆ ತೋರುತ್ತದೆ: ಸುಳ್ಳಾಡದೆ ಇರಬಹುದಾದ ಒಂದು ಸನ್ನಿಧಿಗಾಗಿ ಜೀವವು ಹಂಬಲಿಸುವುದು.

ಸೋಮವಾರ ಸಂಜೆ ಆ ತರುಣನು ಬಂದನು. ಏರಿಯ ಮೇಲೆ ಕುಳಿತೆವು. ಅವನಿಗೆ ಮೂರು ಪ್ರಶ್ನೆಗಳನ್ನು ಹಾಕಿದೆನು. "ದಿನವೂ ಕಾಣುವುದು, ಮಾತನಾಡುವುದು ಆರು ತಿಂಗಳು ನಿಂತರೂ ನಿನ್ನ ಮನಸ್ಸು ಅಲ್ಲಿಯೇ ಇರುವುದೇ? ನಿಮ್ಮಿಬ್ಬರನ್ನೂ ಬಿಟ್ಟು ನೀವಿಬ್ಬರೂ ಕೂಡಿ ಪ್ರೀತಿಸುವ ಮತ್ತೊಂದು ವಸ್ತು ಉಂಟೇ? ಆ ಹುಡುಗಿ ಎಂದಾದರೂ ನಿನ್ನ ತಪ್ಪನ್ನು ನಿನಗೆ ಹೇಳಿದ್ದಾಳೆಯೇ?"

ಮೊದಲ ಎರಡಕ್ಕೆ ಅವನು ಉತ್ಸಾಹದಿಂದ ಉತ್ತರಿಸಿದನು. ಮೂರನೆಯದಕ್ಕೆ ತಲೆ ತಗ್ಗಿಸಿದನು. ಕಡೆಗೆ ಮೆಲ್ಲನೆ ಹೇಳಿದನು: "ಅದಕ್ಕೇ ನಿಮ್ಮ ಹತ್ತಿರ ಬಂದದ್ದು, ಗುರುಗಳೇ. ಮನೆಯಲ್ಲಿ ಯಾರಿಗೂ ತಿಳಿಸದೆ ರಿಜಿಸ್ಟರ್ ಮದುವೆ ಮಾಡಿಕೊಂಡುಬಿಡೋಣ ಎಂದೆ. ಅವಳು ಒಪ್ಪಲಿಲ್ಲ. 'ನಿಮ್ಮ ತಾಯಿಗೆ ಸುಳ್ಳು ಹೇಳಿ ನನ್ನ ಕೈ ಹಿಡಿದರೆ ನಾಳೆ ನನಗೂ ಹೇಳುತ್ತೀರಿ. ಇಬ್ಬರ ಮನೆಯಲ್ಲಿಯೂ ಎದುರಿಗೆ ನಿಂತು ಕೇಳೋಣ. ಬೈದರೆ ಇಬ್ಬರೂ ಬೈಸಿಕೊಳ್ಳೋಣ' ಎಂದಳು. ಜಗಳವಾಗಿ ಎರಡು ವಾರವಾಯಿತು. ಅವಳ ಮೇಲಿನ ಪ್ರೀತಿಯೇ ಹೋಯಿತೇನೋ ಎನ್ನಿಸಿತು."

ನಾನು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದೆನು. "ಹೋದದ್ದು ಪ್ರೀತಿಯಲ್ಲಪ್ಪಾ, ಅದರ ಮೇಲಿನ ಬಣ್ಣ" ಎಂದೆನು. "ಬೈಸಿಕೊಳ್ಳುವುದರಲ್ಲಿ ತನಗೂ ಪಾಲು ಇರಲಿ ಎಂದಳಲ್ಲ, ಆ ಮಾತನ್ನು ಹಿಡಿದುಕೋ. ಕುಲದ ಪ್ರಶ್ನೆಗೆ ಶರಣರು ಎಂದೋ ಉತ್ತರ ಕೊಟ್ಟಿದ್ದಾರೆ. ಉಳಿದಿರುವುದು ನಿನ್ನ ಪ್ರಶ್ನೆ ಮಾತ್ರ. ನಿನ್ನ ತಾಯಿ ಒಪ್ಪುವರೋ ಇಲ್ಲವೋ ನಾನರಿಯೆ. ಆದರೆ ಈ ಮಾತನ್ನು ಹೇಳಿದವಳ ಮೇಲೆ ಹನ್ನೊಂದು ವರ್ಷ ಮುನಿಸಿಕೊಂಡು ಕೂರಬೇಡ."

ಹನ್ನೊಂದು ವರ್ಷವೆಂದು ಏಕೆ ಹೇಳಿದರೆಂದು ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ನಮಸ್ಕರಿಸಿ ಎದ್ದು, ಏರಿಯನ್ನು ಇಳಿಯುವುದಕ್ಕೆ ಮೊದಲೇ ಮೊಬೈಲನ್ನು ಕಿವಿಗೆ ಹಿಡಿದನು. ಯಾರಿಗೆ ಕರೆ ಮಾಡಿದನೋ, ಆ ಹುಡುಗಿಗೋ ತನ್ನ ತಾಯಿಗೋ, ನಾನು ವಿಚಾರಿಸಲಿಲ್ಲ.

ಓದುವ ಬಂಧುಗಳಲ್ಲಿ ನನ್ನ ಬಿನ್ನಹವೂ ಇಷ್ಟೇ. ನಿಮಗೆ ಎಂದೋ ಒಮ್ಮೆ ನಿಜ ಹೇಳಿ, ಆ ಕಾರಣದಿಂದಲೇ ದೂರವಾದವರು ಯಾರಾದರೂ ಇದ್ದರೆ, ಈ ಸಂಚಿಕೆಯನ್ನು ಮಡಿಸಿಟ್ಟು ಮೊದಲು ಅವರನ್ನು ಕಂಡು ಬನ್ನಿರಿ. ಉಳಿದುದನ್ನು ಆಮೇಲೆ ಓದಬಹುದು.